ಸೀಳಿದ ಕೊಳಲು

ಸಾಂಟಾ ಆನಾ ಗಾಳಿ ಗೊತ್ತಲ್ಲ, ಮರುಭೂಮಿಯಿಂದ ಬೆಟ್ಟ ಇಳಿದು ಸಮುದ್ರದ ಕಡೆ ನುಗ್ಗುವ ಬಿಸಿ ಒಣಗಾಳಿ. ತುಟಿ ಒಡೆಯುತ್ತದೆ, ಬಿದಿರಿಗಂತೂ ಅದು ಶತ್ರುವೇ. ಆ ಸಲ ಸ್ಯಾನ್ ಡಿಯೇಗೋದಲ್ಲಿ ನಮ್ಮವರು ರಾಜ್ಯೋತ್ಸವ ಇಟ್ಟುಕೊಂಡಿದ್ದು ಸರಿಯಾಗಿ ಆ ಗಾಳಿಯ ವಾರದಲ್ಲೇ.

ನಮ್ಮ ಕೊಳಲು ಮೇಷ್ಟ್ರು ಮೈಸೂರಿನವರು. ವಾರವೆಲ್ಲ ಲಾಸ್ ಏಂಜಲಿಸ್‌ನಲ್ಲಿ ಇಂಜಿನಿಯರಿಕೆ. ಶನಿವಾರ ಕಾರು ಓಡಿಸಿಕೊಂಡು ಬಂದು ನಮ್ಮ ಗ್ಯಾರೇಜಿನಲ್ಲಿ ಚಾಪೆ ಹಾಸಿ ಪಾಠ. ಅವತ್ತು ವೇದಿಕೆಯ ಹಿಂದೆ ಕೊಳಲು ತುಟಿಗಿಟ್ಟರು. ಸ್ವರವಿಲ್ಲ, ಬರೀ ಬುಸ್ ಅಂತ ಉಸಿರು. ಊದುವ ತೂತಿನ ಪಕ್ಕದಿಂದ ಕೂದಲೆಳೆಯಂಥ ಸೀಳು. ಹಾರದ ದಾರ ಬಿಚ್ಚಿ ಕೊಟ್ಟೆ. ಬಿಗಿಯಾಗಿ ಸುತ್ತಿದರು, ಮೇಣ ಮೆತ್ತಿದರು. ಊಹೂಂ, ತಾರಸ್ಥಾಯಿ ಏಳಲೇ ಇಲ್ಲ.

ಬೇರೆಯವರಾಗಿದ್ದರೆ ಕೈಮುಗಿದು ಮನೆಗೆ ಹೋಗುತ್ತಿದ್ದರೇನೋ. ಇವರು ಎಪ್ಪತ್ತರ ದಶಕದ ಮೊದಲಲ್ಲಿ ಲಾಸ್ ಏಂಜಲಿಸ್ ಕಡೆ ಟಿ. ವಿಶ್ವನಾಥನ್ ಅವರನ್ನು ಕೇಳಿದ್ದವರು. ವಿಶ್ವನಾಥನ್ ಅಂದರೆ ಕೊಳಲು ವಿದ್ವಾಂಸರು, ವೀಣೆ ಧನಮ್ಮಾಳ್ ಮೊಮ್ಮಗ, ಭರತನಾಟ್ಯದ ಬಾಲಸರಸ್ವತಿಯ ತಮ್ಮ. 1958ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಯುಸಿಎಲ್‌ಎಗೆ ಬಂದವರು, ಆಮೇಲೆ ಕ್ಯಾಲ್‌ಆರ್ಟ್ಸ್‌ನಲ್ಲೂ ಕಲಿಸಿದರು, 1975ರಿಂದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ. 1988ರಲ್ಲಿ ಸಂಗೀತ ಕಲಾನಿಧಿ. ಬಿರುದು ಹಾಗಿರಲಿ, ಮೇಷ್ಟ್ರಿಗೆ ಹಿಡಿಸಿದ್ದು ಅವರ ಕಚೇರಿಯ ರೂಢಿ. ಒಂದಷ್ಟು ನುಡಿಸುವುದು, ಕೊಳಲು ಕೆಳಗಿಟ್ಟು ಅದೇ ಸಾಲನ್ನು ಹಾಡುವುದು, ಮತ್ತೆ ನುಡಿಸುವುದು. ಅವರ ಗುರು ತಿರುಪ್ಪಾಂಬುರಂ ಸ್ವಾಮಿನಾಥ ಪಿಳ್ಳೈ ನಾಗಸ್ವರದ ಮನೆತನದವರು. ವಿಶ್ವನಾಥನ್ ಬೆರಳು ತೂತನ್ನು ಅರ್ಧ ಬಿಟ್ಟು, ಕಾಲು ಬಿಟ್ಟು ಗಮಕ ತೆಗೆಯುವಾಗ ಸಾಹಿತ್ಯದ ಅಕ್ಷರಗಳೇ ಕಿವಿಗೆ ಬೀಳುತ್ತಿದ್ದವಂತೆ.

ಅವತ್ತು ಮೇಷ್ಟ್ರೂ ಕೊಳಲು ಕೆಳಗಿಟ್ಟು, ಶ್ರುತಿಪೆಟ್ಟಿಗೆ ಎಳೆದುಕೊಂಡು ವೇದಿಕೆಯ ಮೇಲೆ ಕೂತರು. ‘ಕೃಷ್ಣಾ ನೀ ಬೇಗನೆ ಬಾರೋ’ ಎತ್ತಿಕೊಂಡರು. ವ್ಯಾಸರಾಯರ ಈ ದೇವರನಾಮಕ್ಕೆ ಬಾಲಸರಸ್ವತಿ ಅಭಿನಯ ಮಾಡುವುದನ್ನು ಸತ್ಯಜಿತ್ ರಾಯ್ ಕಡಲತೀರದಲ್ಲಿ ಚಿತ್ರೀಕರಿಸಿದ್ದರಲ್ಲ, ಅದೇ. ಗಂಟಲು ಅಂಥ ಇಂಪೇನಲ್ಲ, ಆ ಗಾಳಿಗೆ ಮತ್ತಷ್ಟು ಒಣಗಿತ್ತು. ಆದರೆ ಯಮುನಾಕಲ್ಯಾಣಿಯ ಒಂದೊಂದು ಜಾರೂ ಕೊಳಲಿನದೇ. ಹಾಡುತ್ತಾ ಬಲಗೈ ಬೆರಳುಗಳು ತೊಡೆಯ ಮೇಲೆ ಇಲ್ಲದ ತೂತುಗಳನ್ನು ಮುಚ್ಚಿ ತೆಗೆಯುತ್ತಿದ್ದವು.

ಮುಗಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಜೋರಾಗಿಯೇ ಕೇಳಿದರು: “ಕೊಳಲು ಕಚೇರಿ ಅಂದಿದ್ರಲ್ಲಪ್ಪಾ?”

“ಇಷ್ಟೊತ್ತು ಅದೇ ನಡೀತಮ್ಮಾ,” ಅಂದರು ಮೇಷ್ಟ್ರು.

ಮುಂದಿನ ಶನಿವಾರ ನಮ್ಮೆಲ್ಲರ ಕೊಳಲೂ ಚೀಲದಲ್ಲೇ ಇರಲಿ ಅಂದರು. ಪಾಠ ಪೂರ್ತಿ ಬಾಯಲ್ಲೇ. “ಹಂಗಾದ್ರೆ ಕೊಳಲು ತರಿಸಿದ್ದು ಯಾಕೆ?” ಅಂತ ಪಕ್ಕದ ಹುಡುಗ ಗೊಣಗಿದ. ಅವನಿಂದಲೇ ಮೊದಲು ಹಾಡಿಸಿದರು.