ಕಪ್ಪು ಡಬ್ಬಿ, ಕೆಂಪು ಚುಕ್ಕೆ

ಲ್ಯಾಪ್‌ಟಾಪ್ ಬಗ್ಗೆ ಬರೆಯುವವರೆಲ್ಲ ಪ್ರೊಸೆಸರ್ ಎಷ್ಟು ವೇಗ, ಆಟ ಆಡಿದರೆ ಹೇಗೆ, ಎಷ್ಟು ತೆಳ್ಳಗಿದೆ ಅಂತಲೇ ಬರೆಯುತ್ತಾರೆ. ಅದನ್ನು ಓದಿ ಓದಿ ನನಗಂತೂ ಸಾಕಾಗಿದೆ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ಅಂತ ಇಷ್ಟರಲ್ಲೇ ಒದ್ದಾಡುವ ನಮ್ಮಂಥವರಿಗೆ ಯಾವ ಯಂತ್ರ ಬಾಳಿಕೆ ಬರುತ್ತೆ ಅಂತ ಹೇಳುವವರು ಕಡಿಮೆ. ಹಾಗಾಗಿ ನಾನೇ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ನಾನು ಕೆಲಸ ಮಾಡೋದು ಹಾಸನದ ಒಂದು ಪುಟ್ಟ ಆಡಿಟರ್ ಕಚೇರಿಯಲ್ಲಿ. ನಾವು ಐದು ಜನ. ನಮ್ಮಲ್ಲಿ ಕಂಪ್ಯೂಟರ್ ಕೆಟ್ಟರೆ ಅದು ಬರೀ ಕಿರಿಕಿರಿ ಅಲ್ಲ, ದುಡ್ಡಿನ ಮಾತು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ತಪ್ಪಿದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಮೇಲೆ ಬಡ್ಡಿ. ಅದು ಒಬ್ಬ ಗಿರಾಕಿಗೆ. ನಲವತ್ತು ಗಿರಾಕಿಗಳ ಕಡತ ಒಂದೇ ಯಂತ್ರದಲ್ಲಿದ್ದರೆ ಲೆಕ್ಕ ನೀವೇ ಹಾಕಿ. ಹೋದ ವರ್ಷ ಹಾಗೇ ಆಯಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಒಂದು ಲ್ಯಾಪ್‌ಟಾಪು (ಕಂಪನಿಯ ಹೆಸರು ಬೇಡ ಬಿಡಿ) ಎರಡೇ ವರ್ಷಕ್ಕೆ ಹಿಂಜಿನಲ್ಲಿ ಬಿರುಕು ಬಿಟ್ಟು, 19ನೇ ತಾರೀಖು ಮುಚ್ಚಳ ತೆರೆದಾಗ ಪರದೆಯ ವೈರನ್ನೂ ಎಳೆದುಕೊಂಡು ಬಂತು. ಅದಕ್ಕೆ ಹಳೆಯ ಟಿವಿ ಒಂದನ್ನು ಜೋಡಿಸಿಕೊಂಡು ರಾತ್ರಿ ಒಂದೂವರೆವರೆಗೆ ರಿಟರ್ನ್ ಹಾಕಿದ್ದಾಯಿತು. ಮರುದಿನ ಸಾರ್ ನನ್ನ ಕಡೆ ನೋಡಿ, "ನಿಂಗೆ ಇದೆಲ್ಲ ಗೊತ್ತಾಗುತ್ತಲ್ಲಪ್ಪ, ಒಂದ್ ನಾಕು ಗಟ್ಟಿ ಮಷೀನ್ ನೋಡು, ಹಳೇದಾದ್ರೂ ಪರ್ವಾಗಿಲ್ಲ" ಅಂದರು.

ಗಟ್ಟಿ ಅಂದರೆ ಏನು? ಇಲ್ಲಿಂದ ಶುರುವಾಯಿತು ನನ್ನ ತಲೆನೋವು.

ಮೊದಲು ಕಣ್ಣಿಗೆ ಬೀಳೋದು ಜಾಹೀರಾತುಗಳ ಮಿಲ್-ಎಸ್‌ಟಿಡಿ-810 ಅನ್ನುವ ಮಂತ್ರ. ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕ್ರಮ ಅದು. ಬಿಸಿ, ಚಳಿ, ತೇವ, ಧೂಳು, ಕಂಪನ, ಬೀಳಿಸುವುದು, ಹೀಗೆ ಪರೀಕ್ಷೆಗಳ ದೊಡ್ಡ ಪಟ್ಟಿ. ಇದರಲ್ಲಿ ಯಾವುದನ್ನು ಮಾಡಬೇಕು, ಎಷ್ಟು ಕಠಿಣವಾಗಿ ಮಾಡಬೇಕು ಅಂತ ಆರಿಸಿಕೊಳ್ಳೋದು ತಯಾರಕರೇ. ಪಾಸ್ ಆಯಿತು ಅಂತ ಠಸ್ಸೆ ಒತ್ತುವ ಸರ್ಕಾರಿ ಸಂಸ್ಥೆ ಯಾವುದೂ ಇಲ್ಲ. ಆದ್ದರಿಂದ ಆ ಹೆಸರು ಕಂಡರೆ ಕಂಪನಿ ಈ ಕಡೆ ಸ್ವಲ್ಪ ಗಮನ ಕೊಟ್ಟಿದೆ ಅಂದುಕೊಳ್ಳಬಹುದು, ಅಷ್ಟೆ. ಕೈಜಾರಿ ಬಿದ್ದು ಒಡೆದರೆ ವಾರಂಟಿಯವರು ಆ ಸಂಖ್ಯೆ ನೋಡಿ ರಿಪೇರಿ ಮಾಡಿಕೊಡೋದಿಲ್ಲ.

ನಿಜಕ್ಕೂ ಯುದ್ಧಭೂಮಿಗೆ ಒಗ್ಗುವ ಪ್ಯಾನಸಾನಿಕ್ ಟಫ್‌ಬುಕ್ ಥರದವು 1996ರಿಂದಲೂ ಇವೆ. ಅವು ಪೊಲೀಸರಿಗೆ, ಗಣಿಗಳಿಗೆ ಸರಿ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಸ್ಟಾಕ್ ಲೆಕ್ಕ ಹಾಕಲು ಹೋಗುವ ನಮಗೆ ಅಷ್ಟೆಲ್ಲ ಬೇಡ. ಅದಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಮೂರು ಹೆಸರುಗಳು ಸಿಗುತ್ತವೆ: ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್. (ಲ್ಯಾಟಿಟ್ಯೂಡ್ ಹೆಸರನ್ನು ಡೆಲ್‌ನವರು 2025ರಲ್ಲಿ ಕೈಬಿಟ್ಟು ಡೆಲ್ ಪ್ರೊ ಅಂತ ಮಾಡಿದರು. ಯಾಕೋ ದೇವರೇ ಬಲ್ಲ.) ದೊಡ್ಡ ದೊಡ್ಡ ಐಟಿ ಕಂಪನಿಗಳು ಇವನ್ನು ಸಾವಿರಗಟ್ಟಲೆ ತರಿಸಿಕೊಂಡು ಮೂರ್ನಾಲ್ಕು ವರ್ಷ ಬಳಸಿ ಹೊರಗೆ ಹಾಕುತ್ತವೆ. ಅವು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಬಂದು ಕೂರುತ್ತವೆ. ಒಂದು ಹೊಸದರ ದುಡ್ಡಲ್ಲಿ ಎರಡು ಮೂರು ಹಳೆಯವು ಬರುತ್ತವೆ ಅನ್ನೋದೇ ಸಾರ್‌ಗೆ ಹಿಡಿಸಿದ್ದು.

ನಾನು ಥಿಂಕ್‌ಪ್ಯಾಡ್ ಕಡೆ ವಾಲಿದೆ. ಅದಕ್ಕೆ ಕಾರಣ ಕೀಲಿಮಣೆ.

ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ 1992ರಲ್ಲಿ ಐಬಿಎಂ ಹೊರತಂದದ್ದು. ಜರ್ಮನಿಯ ವಿನ್ಯಾಸಕಾರ ರಿಚರ್ಡ್ ಸ್ಯಾಪರ್ ಜಪಾನಿನ ಊಟದ ಡಬ್ಬಿಯನ್ನು ನೋಡಿ ಆ ಆಕಾರ ಕೊಟ್ಟದ್ದಂತೆ. ಹೊರಗೆ ಬರೀ ಕಪ್ಪು, ತೆಗೆದರೆ ಮಾತ್ರ ಒಳಗೇನಿದೆ ಅಂತ ಗೊತ್ತಾಗಬೇಕು. 2004ರ ಡಿಸೆಂಬರಿನಲ್ಲಿ ಐಬಿಎಂ ತನ್ನ ಪಿಸಿ ವ್ಯವಹಾರವನ್ನೇ ಲೆನೊವೊಗೆ ಮಾರುವುದಾಗಿ ಹೇಳಿತು, 2005ರ ಮೇ ತಿಂಗಳಲ್ಲಿ ಕೈಬದಲಾಯಿತು. ಆಗ ಹಳಬರೆಲ್ಲ ಮುಗೀತು ಕಥೆ ಅಂತ ಅತ್ತಿದ್ದರು. ಆಮೇಲೆ 2012ರಲ್ಲಿ ಏಳು ಸಾಲಿನ ಹಳೆ ಕೀಲಿಮಣೆ ಹೋಗಿ ಆರು ಸಾಲಿನದು ಬಂದಾಗ ಮತ್ತೊಮ್ಮೆ ಅತ್ತರು. ಅಳುವವರು ಇದ್ದೇ ಇರುತ್ತಾರೆ, ನನಗಂತೂ ಹೊಸದೂ ಒಗ್ಗಿತು.

ನಾನು ಕನ್ನಡ ಟೈಪ್ ಮಾಡೋದು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನುಡಿಯಲ್ಲಿ ಇರುವುದೇ. ಅದರಲ್ಲಿ ಒತ್ತಕ್ಷರ ಬೇಕೆಂದರೆ ಎಫ್ ಕೀಲಿ ಒತ್ತಲೇಬೇಕು. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಹುಡುಕಿ ತೋರಿಸಿ ನೋಡೋಣ! ಹಾಗಾಗಿ ಇಂಗ್ಲಿಷಿನವರ ಕೀಲಿಮಣೆಯಲ್ಲಿ ಇ ಅಕ್ಷರ ಸವೆದರೆ ನನ್ನದರಲ್ಲಿ ಮೊದಲು ಅಳಿಸಿಹೋಗೋದು ಎಫ್. ಎಡಗೈ ತೋರುಬೆರಳಿಗೆ ದಿನಕ್ಕೆ ಸಾವಿರಾರು ಏಟು. ಆ ಕೀಲಿ ಅರ್ಧಂಬರ್ಧ ಒತ್ತಿಕೊಂಡರೆ 'ಅಪ್ಪ' ಹೋಗಿ 'ಅಪಪ' ಆಗುತ್ತೆ. ಚಪ್ಪಟೆ ಕೀಲಿಯ ತೆಳು ಲ್ಯಾಪ್‌ಟಾಪುಗಳಲ್ಲಿ ನನಗೆ ಇದು ದಿನನಿತ್ಯದ ಗೋಳು. ಥಿಂಕ್‌ಪ್ಯಾಡ್ ಟಿ480ರಲ್ಲಿ ಕೀಲಿ ಸುಮಾರು 1.8 ಮಿಲಿಮೀಟರ್ ಕೆಳಗಿಳಿಯುತ್ತೆ, ಮಧ್ಯೆ ಸಣ್ಣ ಗುಂಡಿಯಿದೆ, ಒತ್ತಿದ್ದು ಬೆರಳಿಗೇ ಗೊತ್ತಾಗುತ್ತೆ. ಗ, ಹ, ಬ ಮೂರರ ಮಧ್ಯೆ ಆ ಕೆಂಪು ಚುಕ್ಕೆ. ಟ್ರ್ಯಾಕ್‌ಪಾಯಿಂಟ್ ಅಂತಾರೆ, ಟೆಡ್ ಸೆಲ್ಕರ್ ಅನ್ನುವವರು ರೂಪಿಸಿದ್ದು. ಕೀಲಿಮಣೆಯಿಂದ ಕೈ ಎತ್ತದೆ ಬಾಣ ಓಡಿಸಬಹುದು. ಕಾಫಿ ಸಿಪ್ಪೆಯ ಧೂಳು, ಬೆವರು ಎರಡೂ ಇರುವ ಕೈಯಲ್ಲಿ ಟಚ್‌ಪ್ಯಾಡ್ ಹುಚ್ಚುಹುಚ್ಚಾಗಿ ಆಡುವಾಗ ಈ ಚುಕ್ಕೆ ಸುಮ್ಮನೆ ಹೇಳಿದಂತೆ ಕೇಳುತ್ತೆ.

ಟಿ480ನೇ ಯಾಕೆ? ಇದು 2018ರ ಮಾದರಿ, ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಅಧಿಕೃತವಾಗಿ ಹಾಕಿಕೊಳ್ಳಲು ಹೆಚ್ಚುಕಡಿಮೆ ಎಂಟನೇ ತಲೆಮಾರೇ ಹೊಸಿಲು. ಒಂದು ವರ್ಷ ಹಿಂದಿನ ಟಿ470 ನೋಡಲು ಅವಳಿ ತಮ್ಮನ ಹಾಗಿದೆ, ಬೆಲೆಯೂ ಕಡಿಮೆ, ಆದರೆ ಹೊಸಿಲಿನ ಆಚೆ. ಜನರ ಪ್ಯಾನು, ಬ್ಯಾಂಕ್ ವಿವರ ಇಟ್ಟುಕೊಂಡ ಕಚೇರಿಯಲ್ಲಿ ಭದ್ರತಾ ಅಪ್‌ಡೇಟ್ ಬರದ ಯಂತ್ರ ಇಡೋದು ಸರಿಯಲ್ಲ ಅಂತ ಸಾರ್‌ಗೆ ಹೇಳಿದೆ. ಎಸ್‌ಪಿ ರೋಡಿನಲ್ಲಿ ಈಗ ಟಿ470ಗಳನ್ನು "ಎಲ್ಲಾ ಓಡುತ್ತೆ ಸಾರ್" ಅಂತ ಕೊಡುತ್ತಾರೆ. ಓಡುತ್ತೆ ನಿಜ.

ಅದರ ಮುಂದಿನ ಟಿ490ರಲ್ಲಿ (2019) ಒಂದು ರ್‍ಯಾಮ್ ಬೋರ್ಡಿಗೇ ಬೆಸುಗೆ, ಹಿಂದಿನ ಬ್ಯಾಟರಿ ಇಲ್ಲ. ಟಿ480ರಲ್ಲಿ ರ್‍ಯಾಮ್‌ಗೆ ಎರಡು ಸ್ಲಾಟು, ಒಳಗೊಂದು 24 ವ್ಯಾಟ್-ಅವರ್ ಬ್ಯಾಟರಿ, ಹಿಂದೆ ಕೈಯಿಂದಲೇ ಬಿಚ್ಚಿ ತೆಗೆಯುವ ಇನ್ನೊಂದು, ಅದು 72ರವರೆಗೂ ಸಿಗುತ್ತೆ. ಯಂತ್ರ ಆರಿಸದೆಯೇ ಹಿಂದಿನದನ್ನು ಬದಲಾಯಿಸಬಹುದು, ಆ ಹೊತ್ತು ಒಳಗಿನದು ಹೊರುತ್ತೆ. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಇದು ಎಂಥ ಭಾಗ್ಯ ಅಂತ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಗೊತ್ತಾಗಲಿಕ್ಕಿಲ್ಲ :-) ಅಂದ ಹಾಗೆ, ರಿಪೇರಿ ಸುಲಭವಿರಬೇಕು ಅನ್ನುವ ಬುದ್ಧಿ ಮತ್ತೆ ಬಂದಿದೆ. 2024ರ ಟಿ14 ಐದನೇ ತಲೆಮಾರಿನಲ್ಲಿ ಎರಡು ರ್‍ಯಾಮ್ ಸ್ಲಾಟು ವಾಪಸ್ ಬಂತು, ರಿಪೇರಿ ತಜ್ಞರಾದ ಐಫಿಕ್ಸಿಟ್‌ನವರು ಹತ್ತಕ್ಕೆ ಒಂಬತ್ತು ಕೊಟ್ಟರು. ಹೊಸದೇ ಬೇಕೆನ್ನುವವರು ಅದನ್ನು ನೋಡಬಹುದು. ನಮ್ಮ ಬಜೆಟ್ ಅಲ್ಲ.

ಟಿ480 ದೇವರೇನಲ್ಲ. ಪರದೆ ಮಂಕು. ಅಗ್ಗದ ಮಾದರಿಗಳಲ್ಲಿ 1366×768 ಪರದೆ ಇರುತ್ತೆ, ಎಕ್ಸೆಲ್‌ನಲ್ಲಿ ಕೆಲಸ ಮಾಡುವವರು ಅದನ್ನು ಮುಟ್ಟಲೇಬಾರದು, 1920×1080 ಇರುವುದನ್ನೇ ಕೇಳಿ. ಕ್ಯಾಮೆರಾದಲ್ಲಿ ಎಲ್ಲರೂ ಜ್ವರ ಬಂದವರ ಹಾಗೆ ಕಾಣುತ್ತಾರೆ. ಚಾರ್ಜಿಂಗ್ ಟೈಪ್-ಸಿ ಕಿಂಡಿಯಿಂದಲೇ, ಬೇರೆ ದಾರಿಯಿಲ್ಲ. ಹಳೆಯ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಲ್ಲಿ ಆ ಕಿಂಡಿಗೇ ತೊಂದರೆಯಾಗುತ್ತಿತ್ತು ಅಂತ ಕಂಪನಿಯೇ ಅಪ್‌ಡೇಟ್ ಬಿಟ್ಟಿದೆ. ಕೊಂಡ ದಿನವೇ ಅದನ್ನು ಹಾಕಿಬಿಡಿ.

ಅಂಗಡಿಯಲ್ಲಿ ನಿಂತು ಏನು ನೋಡಬೇಕು? ನಾನು ಅರ್ಧ ದಿನ ಅಲ್ಲೇ ಕಳೆದೆ, ಅಂಗಡಿಯ ಹುಡುಗ ಎರಡು ಸಲ ಟೀ ತರಿಸಿಕೊಟ್ಟ. ಮೊದಲು ಬಯಾಸ್‌ಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತೋ, ಅಲ್ಲಿಗೇ ಬಿಡಿ. ಬ್ಯಾಟರಿ ಕಿತ್ತರೂ ಅದು ಹೋಗಲ್ಲ, ಕಂಪನಿಯ ಪ್ರಕಾರ ಪರಿಹಾರ ಅಂದರೆ ಬೋರ್ಡೇ ಬದಲಾಯಿಸೋದು. ಆಮೇಲೆ ಕಮಾಂಡ್ ಕಿಟಕಿಯಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ, ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಅಂತ ಎರಡೂ ಸಂಖ್ಯೆ ಅಲ್ಲಿರುತ್ತೆ. ನಾನು ನೋಡಿದ ಒಂದರಲ್ಲಿ 24ರ ಜಾಗದಲ್ಲಿ 9 ಉಳಿದಿತ್ತು. ಅಂಗಡಿಯವ "ಬ್ಯಾಟರಿ ಫ್ರೆಶ್" ಅಂದಿದ್ದ. ಮುಚ್ಚಳವನ್ನು ಒಂದು ಮೂಲೆ ಹಿಡಿದು ತೆರೆಯಿರಿ, ಕಿರುಗುಟ್ಟಬಾರದು. ಎಲ್ಲಾ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ. ನಾನಂತೂ ನಮ್ಮ ಡಿಜಿಟಲ್ ಸಿಗ್ನೇಚರ್ ಟೋಕನ್ನೇ ತೆಗೆದುಕೊಂಡು ಹೋಗಿದ್ದೆ. ಅದು ಹಳೆಯ ಅಗಲ ಕಿಂಡಿಗೇ ಹೋಗೋದು, ಬರೀ ಟೈಪ್-ಸಿ ಇರುವ ಚೆಂದದ ಲ್ಯಾಪ್‌ಟಾಪುಗಳು ನಮಗೆ ಅರ್ಧ ಕುರುಡು.

ಇನ್ನೊಂದು, ಟ್ಯಾಲಿಯವರಿಗೆ ಮಾತ್ರ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್ ಅಂತ ನಮ್ಮ ಬೆರಳಿಗೆ ಅಭ್ಯಾಸ. ಈ ಯಂತ್ರದಲ್ಲಿ ಮೇಲಿನ ಸಾಲು ಧ್ವನಿ, ಬೆಳಕು ಅಂತ ಕೆಲಸ ಮಾಡುತ್ತಿದ್ದರೆ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿ, ಸರಿಹೋಗುತ್ತೆ. ಎಡತುದಿಯಲ್ಲಿ ಕಂಟ್ರೋಲ್ ಬದಲು ಎಫ್‌ಎನ್ ಇರುತ್ತೆ, ಬಯಾಸ್‌ನಲ್ಲಿ ಅದಲುಬದಲು ಮಾಡಬಹುದು.

ಇಷ್ಟೆಲ್ಲ ಆದ ಮೇಲೆ ಸಿಕ್ಕಿಕೊಂಡದ್ದು ನಾನು ಎಣಿಸದ ಕಡೆ. ನಮ್ಮ ಕಚೇರಿಯ ಹಿರಿಯ ಲೆಕ್ಕಿಗರು, ಎಲ್ಲರೂ ದೊಡ್ಡಣ್ಣ ಅಂತಲೇ ಕರೆಯೋದು. ಅರವತ್ತೆರಡು ವರ್ಷ. ಡೆಸ್ಕ್‌ಟಾಪಿನ ದಪ್ಪ ಕೀಲಿಮಣೆಯ ಬಲಗಡೆ ಅಂಕಿಗಳ ಮೇಲೆ ಅವರ ಕೈ ನೋಡಬೇಕು, ಕಣ್ಣು ಬಿಲ್ಲಿನ ಮೇಲೆ, ಬೆರಳು ತಾನಾಗಿ ಓಡುತ್ತೆ. ಟಿ480 ಹದಿನಾಲ್ಕು ಇಂಚಿನದು, ಅದರಲ್ಲಿ ಅಂಕಿಗಳ ಆ ಪ್ರತ್ಯೇಕ ಗುಂಪೇ ಇಲ್ಲ. ಮಾದರಿಗೆ ತಂದದ್ದನ್ನು ಅವರ ಮುಂದಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ ಮುಚ್ಚಿದರು.

"ನಂಬರ್ ಎಲ್ಲಪ್ಪ?"

"ಮೇಲಿನ ಸಾಲಲ್ಲಿ ಇದೆಯಲ್ಲ ದೊಡ್ಡಣ್ಣ. ಬೇಕಾದ್ರೆ ಬೇರೆ ನಂಬರ್ ಪ್ಯಾಡ್ ಸಿಗುತ್ತೆ, ಪಕ್ಕಕ್ಕೆ ಹಾಕ್ಕೋಬಹುದು."

"ಊರುಗೋಲು ಕೊಡ್ತಿದೀಯ," ಅಂದರು. "ಇದನ್ನೇ ಕೊಡೋದಾದ್ರೆ ಮಾರ್ಚ್‌ವರೆಗೆ ಬರ್ತೀನಿ. ಆಮೇಲೆ ನೀವೇ ನೋಡ್ಕೊಳ್ಳಿ."

ತಮಾಷೆಗೆ ಹೇಳಿದ್ದಲ್ಲ. ಸಾರ್ ಮುಖ ನೋಡಿದೆ, ಅವರಿಗೂ ಗೊತ್ತಾಗಿತ್ತು. ದೊಡ್ಡಣ್ಣ ಹೋದರೆ ಇಪ್ಪತ್ತು ವರ್ಷದಿಂದ ಅವರನ್ನೇ ನೋಡಿ ಬರುವ ಅಕ್ಕಿ ಗಿರಣಿಯವರು, ಕಾಫಿಯವರು ಎಷ್ಟು ದಿನ ಇರುತ್ತಾರೆ? ನಾನು ಬ್ಯಾಟರಿ, ಹಿಂಜು, ಫರ್ಮ್‌ವೇರ್ ಅಂತ ಮೂರು ವಾರ ಬಾಳಿಕೆಯ ಲೆಕ್ಕ ಹಾಕಿದ್ದೆ. ಅವರ ಬಲಗೈ ನನ್ನ ಲೆಕ್ಕದಲ್ಲೇ ಇರಲಿಲ್ಲ ಅಂತ ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಅವರಿಗೆ ಟಿ580 ತಂದೆವು. ಅದೇ ವರ್ಷದ್ದು, ಅದೇ ಎರಡು ಬ್ಯಾಟರಿ, ಪರದೆ ಹದಿನೈದೂವರೆ ಇಂಚಿಗೂ ಮಿಕ್ಕಿ, ಬಲಗಡೆ ಪೂರ್ತಿ ಅಂಕಿಗಳ ಗುಂಪು. ತೂಕ ಎರಡು ಕಿಲೋ ಹತ್ತಿರ, ಅವರೇನೂ ಹೊತ್ತು ತಿರುಗೋದಿಲ್ಲ. ಅಂಕಿಗಳಿಗೆ ಜಾಗ ಮಾಡಿಕೊಟ್ಟು ಅಕ್ಷರಗಳೆಲ್ಲ ಎಡಕ್ಕೆ ಸರಿದಿವೆ, ನನಗೆ ಅದರಲ್ಲಿ ಟೈಪ್ ಮಾಡಿದರೆ ಬಸ್ಸಿನಲ್ಲಿ ಮೂರನೆಯವನಾಗಿ ಸೀಟಿನ ತುದಿಯಲ್ಲಿ ಕೂತ ಹಾಗಾಗುತ್ತೆ. ದೊಡ್ಡಣ್ಣನಿಗೆ ಅದರ ಪರಿವೆಯೇ ಇಲ್ಲ. ಮೊದಲ ದಿನ ನೂರಾಹತ್ತು ಬಿಲ್ಲು ಏರಿಸಿ, ಕನ್ನಡಕ ತೆಗೆದು ಒರೆಸಿಕೊಂಡು, "ಪರ್ವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ಕೇಳಿಲ್ಲ.

ಉಳಿದವು ಎರಡು ಟಿ480. ಒಂದರ ಕೀಲಿಮಣೆ ಮೊದಲೇ ಸವೆದಿತ್ತು, ಹಾಗಂತ ಗೊತ್ತಿದ್ದೇ ಬೆಲೆ ಇಳಿಸಿ ತಂದೆ. ತಳದ ಮುಚ್ಚಳ ತೆಗೆದು ಒಂದೆರಡು ಸ್ಕ್ರೂ ಸಡಿಲಿಸಿದರೆ ಕೀಲಿಮಣೆ ಮೇಲಿನಿಂದಲೇ ಜಾರಿ ಬರುತ್ತೆ, ಬಿಚ್ಚುವ ಕ್ರಮವನ್ನೆಲ್ಲ ಲೆನೊವೊ ಕೈಪಿಡಿಯಾಗಿ ಬಿಟ್ಟಿದೆ. ಬಿಚ್ಚುವ ಮುನ್ನ ಬಯಾಸ್‌ನಲ್ಲಿ ಒಳಬ್ಯಾಟರಿ ಆಫ್ ಮಾಡಿಕೊಳ್ಳಬೇಕು, ಅದನ್ನು ಮರೀಬೇಡಿ. ಹೊಸ ಕೀಲಿಮಣೆ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿದೆ. ಈ ಬರಹವನ್ನು ಅದರಲ್ಲೇ ಕುಟ್ಟುತ್ತಿರುವುದು.

ನಾಲ್ಕನೆಯದು ಸಾರ್‌ಗೆ. ಅದನ್ನಿನ್ನೂ ಕೊಂಡಿಲ್ಲ. ಅವರಿಗೆ ಆ ಕೆಂಪು ಚುಕ್ಕೆ ಇಲ್ಲದ್ದು ಬೇಕಂತೆ, ನೋಡಿದರೆ ಯಾರೋ ಕುಂಕುಮ ಚೆಲ್ಲಿದ ಹಾಗಿದೆ ಅಂತಾರೆ. ಮುಂದಿನ ಶನಿವಾರ ಮತ್ತೆ ಎಸ್‌ಪಿ ರೋಡಿಗೆ ಹೋಗಬೇಕು, ಈ ಸಲ ಎಲೈಟ್‌ಬುಕ್ ನೋಡುವ ಅಂದುಕೊಂಡಿದ್ದೇನೆ.