ಎರಡು ಮನೆ, ಒಂದು ಖಾತೆ

ನಡುಗೋಡೆ ಒಡೆದು ಬಾಗಿಲಿಟ್ಟ ಮಾತ್ರಕ್ಕೆ ಎರಡು ಮನೆಗಳು ಒಂದಾಗುವುದಿಲ್ಲವೆಂಬ ಸಂಗತಿ ನಮ್ಮ ಅನೇಕ ಕುಟುಂಬಗಳಿಗೆ ತಡವಾಗಿ ತಿಳಿಯುತ್ತದೆ. ಪಾಲಿಕೆಯ ದಫ್ತರದಲ್ಲಿ ಅವು ಎರಡಾಗಿಯೇ ಉಳಿಯುತ್ತವೆ. ವರ್ಷಕ್ಕೆ ಎರಡು ತೆರಿಗೆ ಚಲನ್‌ಗಳು ಬರುತ್ತಲೇ ಇರುತ್ತವೆ.

ಹುಬ್ಬಳ್ಳಿಯ ನಮ್ಮ ಮನೆಯ ಸಂಗತಿಯೂ ಇದೇ. ತಂದೆಯವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಜೋಡುಮನೆಗಳನ್ನು ತಮ್ಮ ಜೀವಿತಕಾಲದಲ್ಲಿಯೇ ನನಗೊಂದು, ತಮ್ಮನಿಗೊಂದು ಬೇರೆ ಬೇರೆ ದಾನಪತ್ರಗಳ ಮೂಲಕ ಕೊಟ್ಟಿದ್ದರು. ತಮ್ಮನು ನೌಕರಿಯ ನಿಮಿತ್ತ ಪುಣೆಯಲ್ಲಿ ನೆಲೆಸಿದನು. ಅವನ ಭಾಗಕ್ಕೆ ಬೀಗವೇ ಗತಿಯಾಯಿತು. ಮೊಣಕಾಲು ನೋವಿನ ಅವ್ವನಿಗೆ ಬಚ್ಚಲು ಹತ್ತಿರವಿರುವ ಅಲ್ಲಿಯ ಕೋಣೆಯೇ ಅನುಕೂಲವಾಗಿತ್ತು. "ಅಣ್ಣಾ, ಗ್ವಾಡಿ ಒಡಿಸಿಬಿಡು. ನನ್ನ ಮನೀನೂ ನಿಂದ. ನಮ್ಮ ನಮ್ಮೊಳಗ ಕಾಗದ ಯಾತಕ್ಕ?" ಎಂದನು ತಮ್ಮ.

ಪ್ರೀತಿಯ ಈ ಮಾತಿಗೆ ನಾನು ಒಡನೆ ಒಪ್ಪಲಿಲ್ಲ. ಅವನಿಗೆ ಹಿಂದಿನ ವರ್ಷವಷ್ಟೇ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಆಡಬಾರದ ಮಾತನ್ನು ಆಡಲೇಬೇಕಾಯಿತು. ಮೃತ್ಯುಪತ್ರ ಬರೆಯದೆ ಅವನು ತೀರಿಕೊಂಡರೆ ಆ ಮನೆ ನನಗೆ ಬರುವುದಿಲ್ಲ. ಲಿಂಗಾಯತರಾದ ನಮಗೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಅನ್ವಯ. ಅದರ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಅದರ ಪ್ರಕಾರ ಹೆಂಡತಿ, ಮಕ್ಕಳು, ತಾಯಿ ಇವರೇ ಮೊದಲ ವಾರಸುದಾರರು, ಹೆಣ್ಣುಮಕ್ಕಳಿಗೂ ಸಮಪಾಲು. ಅವರಿರುವಾಗ ಅಣ್ಣನಿಗೆ ಸ್ಥಾನವಿಲ್ಲ. (ಪಿತ್ರಾರ್ಜಿತ ಸ್ವತ್ತಾದರೆ ಮಕ್ಕಳ ಹಕ್ಕು ಇನ್ನೂ ಮೊದಲೇ ಬರುತ್ತದೆ, ವಕೀಲರನ್ನು ಕೇಳದೆ ಮುಂದುವರಿಯಲಾಗದು.)

ಖಾತೆ ಕೂಡಿಸಲು ಎರಡೂ ಸ್ವತ್ತುಗಳು ಒಂದೇ ಹೆಸರಿನಲ್ಲಿರಬೇಕು. ಹಾಗಾದರೆ ದಾನಪತ್ರವೋ, ಕ್ರಯಪತ್ರವೋ? ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಮೇಲೆ ಸರ್‌ಚಾರ್ಜು, ಸೆಸ್ಸು; ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಹತ್ತಿರದ ಬಂಧುಗಳೊಳಗಿನ ದಾನಕ್ಕೆ ಖರ್ಚು ಬಹಳ ಕಡಿಮೆ. ಆದರೆ ನೋಂದಾಯಿಸಿ ಸ್ವೀಕರಿಸಿದ ದಾನವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲು ಬರುವುದಿಲ್ಲ. ಆದ್ದರಿಂದ ತಮ್ಮನ ಹೆಂಡತಿಯನ್ನು ಕೇಳಿದೆನು. ಕಾಯಿದೆಗೆ ಆಕೆಯ ಒಪ್ಪಿಗೆ ಬೇಕಿರಲಿಲ್ಲ, ನನಗೆ ಬೇಕಿತ್ತು. ಆಕೆ ತಲೆ ತಗ್ಗಿಸಿ, "ನಾಳೆ ನಾವು ಊರಿಗೆ ಬಂದ್ರ ನಮಗೊಂದು ಖೋಲಿ ಇರ್ತದೇನ್ರೀ ಭಾವಾರ?" ಎಂದಳು.

ದಾನದ ವಿಚಾರವನ್ನು ಅಂದೇ ಬಿಟ್ಟೆನು. ಮಾರ್ಗಸೂಚಿ ದರಕ್ಕೆ ಕಡಿಮೆಯಿಲ್ಲದ ಬೆಲೆ ಕೊಟ್ಟು ಕ್ರಯಪತ್ರ ಮಾಡಿಸಿದೆವು. ತಮ್ಮನು ಹಣವನ್ನು ಆಕೆಯ ಹೆಸರಿನಲ್ಲಿ ಠೇವಣಿ ಇಟ್ಟನು. ಶುಲ್ಕದ ಮೊತ್ತ ನೋಡಿ ನನ್ನ ಮಗನು ಮುಖ ಸಿಂಡರಿಸಿದನೆಂಬುದನ್ನು ಮುಚ್ಚಿಡುವುದಿಲ್ಲ.

ಉಳಿದದ್ದು ಅಲೆದಾಟದ ಕೆಲಸ. ಋಣಭಾರ ಪತ್ರ ತೆಗೆಸುವುದು, ತೆರಿಗೆ ಬಾಕಿ ತೀರಿಸುವುದು, ಖಾತೆ ಬದಲಾಯಿಸುವುದು, ಅನಂತರ ಕೂಡಿಸಲು ಅರ್ಜಿ ಹಾಕುವುದು. ಸಿಟಿ ಸರ್ವೆ ಕಚೇರಿಯ ಉತಾರವೂ ಅದಕ್ಕೆ ತಾಳೆಯಾಗಬೇಕು. ಖಾತೆಯಾಗಲಿ ತೆರಿಗೆ ರಸೀದಿಯಾಗಲಿ ಮಾಲೀಕತ್ವದ ಪತ್ರವಲ್ಲ. ಹಕ್ಕು ಬರುವುದು ನೋಂದಾಯಿತ ಪತ್ರದಿಂದ. ಒಂದಾದರೆ ತೆರಿಗೆ ಇಳಿಯುವುದೆಂಬ ಆಸೆಯೂ ಬೇಡ. ಜಾಗ, ಕಟ್ಟಡ ಅಷ್ಟೇ ಇರುವುದರಿಂದ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್‌ನಲ್ಲಿ ತುಂಬಿದರೆ ಸಿಗುವ ಶೇ. 5 ರಿಯಾಯಿತಿಯೇ ಲಾಭ.

ಅವ್ವ ಈಗ ಆ ಕೋಣೆಯಲ್ಲಿದ್ದಾಳೆ. ಪಕ್ಕದ ಖೋಲಿಯ ಕೀಲಿ ಪುಣೆಯಲ್ಲಿದೆ. ಎರಡನೆಯ ವಿದ್ಯುತ್ ಮೀಟರನ್ನು ತೆಗೆಸಲು ಅರ್ಜಿ ಕೊಟ್ಟಿದ್ದೇವೆ.