ಪಾಕ್ಸೋಸ್ ದ್ವೀಪ, ನೋಯ್ಡಾದ ಮೇಲಿನ ಮನೆ

ನೆಟ್‌ಫ್ಲಿಕ್ಸಿನಲ್ಲಿ ‘ಮಾಯೆಸ್ಟ್ರೋ ಇನ್ ಬ್ಲೂ’ ಹಾಕಿದ್ದು ಕಡಲು ನೋಡುವ ಆಸೆಯಿಂದ, ಕೊಲೆ ನೋಡಲಿಕ್ಕಲ್ಲ. ನವೆಂಬರಿನ ಹೊಗೆಯಲ್ಲಿ ಎದುರಿನ ಟವರ್ ಕಾಣದೆ ನಾಲ್ಕು ದಿನವಾಗಿತ್ತು. ಕುಮಟಾ ಕಡೆಯವನಿಗೆ ನೀಲಿ ನೀರು, ದೋಣಿ, ಧಕ್ಕೆ ತೋರಿಸುತ್ತೇವೆಂದರೆ ಭಾಷೆ ಗ್ರೀಕ್ ಆದರೇನು! ಸಬ್‌ಟೈಟಲ್ ಓದುತ್ತ ಕೂತೆ. ಮೊದಲ ಕಂತಿಗೇ ಮೈಸೂರಿನವಳಾದ ನನ್ನ ಹೆಂಡತಿ, "ರೀ, ಇದು ನಿಮ್ಮೂರೇ ಅಲ್ವಾ?" ಅಂದಳು.

ಗ್ರೀಸಿನ ಮೆಗಾ ಚಾನೆಲ್ಲಿನಲ್ಲಿ 2022ರಲ್ಲಿ ಶುರುವಾದ ಧಾರಾವಾಹಿ ಇದು. ಪಾಪಕಲಿಯಾಟಿಸ್ ಎಂಬಾತ ಬರೆದು, ನಿರ್ದೇಶಿಸಿ, ನಾಯಕನ ಪಾತ್ರವನ್ನೂ ಮಾಡಿದ್ದಾನೆ. ಕೋವಿಡ್ ಕಾಲದಲ್ಲಿ ಸಂಗೀತೋತ್ಸವ ನಡೆಸಲು ಪಾಕ್ಸೋಸ್ ಎಂಬ ಪುಟ್ಟ ದ್ವೀಪಕ್ಕೆ ಬರುವ ಸಂಗೀತಗಾರ ಓರೆಸ್ಟಿಸ್, ಹತ್ತೊಂಬತ್ತರ ಹುಡುಗಿಯ ಪ್ರೀತಿಯಲ್ಲಿ ಬೀಳುತ್ತಾನೆ. ಈ ಭಾಗ ನನಗಷ್ಟು ರುಚಿಸಲಿಲ್ಲ. ನಲವತ್ತು ದಾಟಿದ ಗಂಡಸರು ಬರೆದರೆ ಹೀಗೇ ಆಗುವುದು ಎಂದು ಮನೆಯಲ್ಲೂ ಟೀಕೆ ಬಂತು.

ನನ್ನನ್ನು ಹಿಡಿದಿಟ್ಟದ್ದು ಆ ಊರು. ಹರಾಲಂಬೋಸ್ ಹೆಂಡತಿ ಮರಿಯಾಳನ್ನು ಹೊಡೆಯುತ್ತಾನೆ. ಅವರ ಮಗ ಸ್ಪೈರೋಸ್ ಮೇಯರನ ಮಗ ಆಂಟೊನಿಸ್‌ನನ್ನು ಕದ್ದು ಪ್ರೀತಿಸುತ್ತಾನೆ. ಎಲ್ಲರೂ ಎಲ್ಲರಿಗೂ ಪರಿಚಯ, ಆದರೆ ಬಾಯಿಬಿಟ್ಟು ಆಡುವ ಮಾತೇ ಬೇರೆ. ಕೊಲೆಗಾರ ಯಾರೆಂಬುದಕ್ಕಿಂತ, ಯಾರ್‍ಯಾರಿಗೆ ಎಷ್ಟು ಗೊತ್ತಿತ್ತು ಎಂಬುದೇ ನನಗೆ ಕುತೂಹಲವಾಯಿತು.

ಗ್ರೀಕರಿಗೂ ನಮ್ಮ ಕರಾವಳಿಗೂ ಹಳೆಯ ಲೆಕ್ಕವೊಂದಿದೆ ಬಿಡಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ, ಭಾರತದ ಕಡಲತೀರದಲ್ಲಿ ಸೆರೆಯಾದ ಚಾರಿಷನ್ ಎಂಬವಳನ್ನು ಅವಳ ಅಣ್ಣ ರಾಜನಿಗೆ ಹೆಂಡ ಕುಡಿಸಿ ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲಿನ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್‌ಷ್ 1904ರಲ್ಲಿ ಬರೆದ. ಎಲ್ಲರೂ ಒಪ್ಪಿಲ್ಲ. ಆದರೂ ಅಪಹರಣದ ಕತೆಯೇ ತಾನೆ, ಅದೂ ಕ್ರೈಂ ಡ್ರಾಮಾವೇ!

ಪಕ್ಕದ ಊರಿನ ‘ಡೆಲ್ಲಿ ಕ್ರೈಂ’ 2020ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಗೆದ್ದಾಗ ನೋಡಲು ಹೋಗಿ ಎರಡನೇ ಕಂತಿಗೆ ನಿಲ್ಲಿಸಿದ್ದೆ. ಅಂಥದೇ ರಸ್ತೆಗಳಲ್ಲಿ ನನ್ನ ಟೀಮಿನ ಹುಡುಗಿಯರು ರಾತ್ರಿ ಕ್ಯಾಬ್ ಹತ್ತುತ್ತಾರೆ. ಪಾಕ್ಸೋಸ್ ದೂರ, ನೋಡುವುದು ಸಲೀಸು ಅಂದುಕೊಂಡಿದ್ದೆ.

ಒಂದು ಶನಿವಾರ ರಾತ್ರಿ ಮರಿಯಾ ಏಟು ತಿನ್ನುವ ದೃಶ್ಯ ಬಂತು. ಹೆಂಡತಿ ಪಾಸ್ ಒತ್ತಿದಳು. ಟೀವಿ ನಿಂತರೂ ಸದ್ದು ನಿಲ್ಲಲಿಲ್ಲ. ಮೇಲಿನ ಮನೆಯದು. ಏನೋ ಬಿದ್ದದ್ದು, ಹೆಂಗಸಿನ ದನಿ, ಮತ್ತೆ ಮೌನ. ಅದು ಹೊಸದೇನಲ್ಲ. ಹಿಂದೆ ಎರಡು ಸಲ ಕೇಳಿದ್ದೆ. ಒಂದು ಸಲ ಮೀಟಿಂಗಿನಲ್ಲಿದ್ದೆ, ಮ್ಯೂಟ್ ಮಾಡಿಕೊಂಡು ಮುಂದುವರಿಸಿದ್ದೆ.

ಇಂಟರ್‌ಕಾಮಿನಲ್ಲಿ ಗಾರ್ಡ್, "ಘರ್ ಕಾ ಮಾಮ್ಲಾ ಹೈ ಸರ್" ಅಂದ. ನಾನೂ ಫೋನಿಟ್ಟೆ. 112 ಒತ್ತಬಹುದಿತ್ತು. ಒತ್ತಲಿಲ್ಲ.

ಚಿಕ್ಕವನಿದ್ದಾಗ ನಮ್ಮ ಪಕ್ಕದ ಮನೆಯ ಅಕ್ಕನಿಗೂ ಇದೇ ಪಾಡು. ಬಸ್ ಸ್ಟಾಪಿನವರೆಗೂ ಸುದ್ದಿ, ಆದರೆ ಅವಳ ಗಂಡನೆದುರು ಯಾರೂ ಸೊಲ್ಲೆತ್ತಲಿಲ್ಲ. ಆಯಿ ಮಾತ್ರ ಬೇಸಿಗೆಯಿಡೀ ಅವಳನ್ನು ಹಲಸಿನ ಹಪ್ಪಳಕ್ಕೆ ಕರೆಯುತ್ತಿದ್ದಳು. ನಮಗೆ ಅಷ್ಟು ಹಪ್ಪಳ ಬೇಕಿರಲಿಲ್ಲ. "ಅಷ್ಟು ಹೊತ್ತಾದ್ರೂ ಮನೆಯಿಂದ ಹೊರಗಿರ್ಲಿ" ಅಂತಿದ್ದಳು.

ಇದನ್ನು ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಭಾನುವಾರ ಬಿಸಿಬೇಳೆಬಾತನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ತನ್ನ ಮೊಬೈಲ್ ನಂಬರಿನ ಚೀಟಿ ಅಂಟಿಸಿಕೊಂಡು ಮೇಲೆ ಹೋದಳು. ಬಾಗಿಲು ಚೈನಿನಷ್ಟೇ ತೆರೆಯಿತಂತೆ. ಡಬ್ಬಿ ಅದರಲ್ಲಿ ತೂರಲಿಲ್ಲ. ಆಕೆ ಒಂದು ನಿಮಿಷ ನಿಂತು, ಹಿಂದೆ ನೋಡಿ, ಆಮೇಲೆ ಚೈನು ತೆಗೆದಳಂತೆ.

ಡಬ್ಬಿ ಇನ್ನೂ ವಾಪಸ್ ಬಂದಿಲ್ಲ. ಮುಂದಿನ ಕಂತನ್ನೂ ನಾವು ಹಾಕಿಲ್ಲ.